ಬಲ್ಲ ಮೂಲಗಳ ಬೆನ್ನು ಹತ್ತಿ

ಆವತ್ತು ಬೆಳಗ್ಗೆ ಅವರ ಷರ್ಟಿನ ಕಾಲರು ಸುಕ್ಕಾಗಿರದಿದ್ದರೆ ಒಬ್ಬರ ಮಂತ್ರಿ ಪದವಿ ಉಳಿಯುತ್ತಿತ್ತು. ಆದರೆ ಸುಕ್ಕಾಗಿತ್ತು. ಮೂವತ್ತೊಂದು ವರ್ಷ ಟಿವಿಯಲ್ಲಿ ರಾಜಕೀಯ ಸುದ್ದಿ ಹೇಳಿದ ಮನುಷ್ಯ ಸುಕ್ಕು ಕಾಲರಿನಲ್ಲಿ ಕ್ಯಾಮೆರಾ ಮುಂದೆ ಕೂರುವುದುಂಟೆ? ಅದೂ ಅಂಥ ದಿನ? ಅವರಿಗೆ ಅರವತ್ತು ತುಂಬಿ ತಿಂಗಳಾಗಿತ್ತು. ಇನ್ನೆರಡು ವರ್ಷ ಕೆಲಸದಲ್ಲಿ ಮುಂದುವರಿಸುವ ಪತ್ರ ಸಂಪಾದಕಿಯ ಮೇಜಿನ ಮೇಲಿತ್ತು. ಸಂಜೆ ಸಹಿ ಮಾಡುತ್ತೇನೆ ಎಂದು ಆಕೆ ಹೇಳಿದ್ದರು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಬಲ್ಲಮೂಲರು ಎಂದೇ ಕರೆಯುತ್ತಿದ್ದರು. 'ಬಲ್ಲ ಮೂಲಗಳ ಪ್ರಕಾರ' ಎನ್ನದೆ ಅವರ ಬಾಯಿಂದ ಒಂದು ವಾಕ್ಯ ಹೊರಟದ್ದಿಲ್ಲ. ಆ ಮೂಲ ಯಾರೆಂದು ಮಾತ್ರ ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ, ಏಕೆಂದರೆ ಮಂತ್ರಿಗಳ ಬಂಗಲೆಗಳ ಹಿಂದಿನ ಓಣಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ ಇಸ್ತ್ರಿಯವನೇ ಆ ಮೂಲ. ಯಾವ ಮಂತ್ರಿ ಎಷ್ಟು ಜೊತೆ ಬಟ್ಟೆ ಕಳಿಸಿದರು, ಯಾವುದನ್ನು ಅರ್ಜೆಂಟು ಅಂದರು ಎಂಬುದರಿಂದಲೇ ಬಲ್ಲಮೂಲರು ಪ್ರವಾಸ, ಪ್ರಮಾಣವಚನ, ಮುನಿಸು ಎಲ್ಲವನ್ನೂ ಊಹಿಸುತ್ತಿದ್ದರು. ಮನೆಯ ಮಗ್ಗುಲಲ್ಲೇ ಇಸ್ತ್ರಿ ಅಂಗಡಿ ಇದ್ದರೂ ಆರು ಮೈಲಿ ದೂರಕ್ಕೆ ಬಟ್ಟೆ ಹೊರುವ ಅವರನ್ನು ನೆರೆಹೊರೆಯವರು ಶೋಕಿ ಮನುಷ್ಯ ಎಂದುಕೊಂಡಿದ್ದರು.

ಆವತ್ತು ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಾ ಇಸ್ತ್ರಿಯವನು ದನಿ ತಗ್ಗಿಸಿದ.

"ಸಾರ್, ಸಾರಿಗೆ ಮಂತ್ರಿಗಳು ಇವತ್ತು ರಾಜೀನಾಮೆ ಕೊಡ್ತಾರಂತೆ. ಅವರ ಡ್ರೈವರೇ ಹೇಳಿದ್ದು. ನನ್ನ ಹೆಸರು ಮಾತ್ರ ಎತ್ತಬೇಡಿ."

ಬಲ್ಲಮೂಲರು ಷರ್ಟನ್ನು ಬಿಸಿ ಆರುವ ಮೊದಲೇ ಕಸಿದುಕೊಂಡರು. ಆದರೂ ನಿಯಮ ಎಂದರೆ ನಿಯಮ, ಎರಡು ಮೂಲ ಬೇಕು. ಬಂಗಲೆಯ ಗೇಟಿನ ಬಳಿ ಹೋಗಿ ಡ್ರೈವರನ್ನು ಮೆಲ್ಲಗೆ ಕೇಳಿದರು. ಅವನು ಆಚೀಚೆ ನೋಡಿ ತಲೆಯಾಡಿಸಿದ. ಅಲ್ಲಿಗೆ ಎರಡಾಯಿತು. ಇಸ್ತ್ರಿಯವನಿಗೆ ಹೇಳಿದವನೂ ಇದೇ ಡ್ರೈವರು, ಎರಡು ಸೇರಿದರೂ ಒಂದೇ ಎಂಬುದು ಅವರಿಗೆ ಹೊಳೆಯಲಿಲ್ಲ. ಪತ್ರಕ್ಕೆ ಸಹಿ ಬೀಳುವ ದಿನ ಇಂಥ ಸುದ್ದಿ ಸಿಕ್ಕರೆ ಯಾರಿಗೆ ತಾನೇ ಹೊಳೆದೀತು?

ಹತ್ತೂಮುಕ್ಕಾಲಿಗೆ ಪರದೆಯ ತುಂಬ ಕೆಂಪು ಪಟ್ಟಿ ಓಡಿತು. ಬಲ್ಲಮೂಲರು ಗರಿಗರಿ ಕಾಲರಿನಲ್ಲಿ ಕೂತು ಸಾರಿಗೆ ಮಂತ್ರಿಗಳ ರಾಜೀನಾಮೆ ಇವತ್ತೇ ಎಂದು ಗಂಭೀರವಾಗಿ ಹೇಳಿದರು. ಅರ್ಧ ಗಂಟೆಯೊಳಗೆ ಉಳಿದ ಚಾನೆಲ್ಲುಗಳೂ ತಮ್ಮದೇ ಸುದ್ದಿ ಎಂಬಂತೆ ಅದನ್ನೇ ಕೂಗತೊಡಗಿದವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಹನ್ನೆರಡಕ್ಕೆ ಖುದ್ದು ಮಂತ್ರಿಗಳೇ ಫೋನಿನಲ್ಲಿ ನೇರಪ್ರಸಾರಕ್ಕೆ ಬಂದರು.

"ರಾಜೀನಾಮೆ ಕೊಡಬೇಕಾದವನು ನಾನು. ನನಗೇ ಗೊತ್ತಿಲ್ಲ. ಇವರಿಗೆ ಯಾರು ಹೇಳಿದ್ರು?"

ಬಲ್ಲಮೂಲರು ಜಾಹೀರಾತಿಗೆ ಹೋಗೋಣ ಎಂದು ಕ್ಯಾಮೆರಾದವನಿಗೆ ಸನ್ನೆ ಮಾಡಿದರು.

ಒಂದು ಗಂಟೆಗೆ ಮಂತ್ರಿಗಳ ಬೆಂಬಲಿಗರು ಕಚೇರಿಯ ಗೇಟಿಗೆ ಬಂದು ಧಿಕ್ಕಾರ ಕೂಗಿದರು. ಮೇಕಪ್ಪಿನವನು ಬಲ್ಲಮೂಲರ ಹಣೆಯ ಬೆವರೊರೆಸುತ್ತಾ, ಎದೆನೋವು ಅಂತ ಆಸ್ಪತ್ರೆ ಸೇರಿಬಿಡಿ, ನಮ್ಮ ಚಿಕ್ಕಪ್ಪ ಹೀಗೇ ಬಚಾವಾದರು ಎಂದು ಸಲಹೆ ಕೊಟ್ಟ. ಕ್ರೀಡಾ ವಿಭಾಗದವನು ಮೂಲ ತೀರಿಕೊಂಡಿತು ಅಂದುಬಿಡಿ ಎಂದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಫೋನು ಮಾಡಿ, ಮಂತ್ರಿ ಹೋದರೆ ಬಸ್ಸಿನ ದರ ಇಳಿಯುತ್ತದೆಯೇ ಎಂದು ಎರಡು ಸಲ ವಿಚಾರಿಸಿದರು. ಕೊನೆಗೆ ಚಾನೆಲ್ಲಿನ ಮಾಲೀಕರ ಫೋನು ಸಂಪಾದಕಿಗೆ ಬಂತು. ಅದನ್ನು ಇಟ್ಟವರೇ ಆಕೆ ಬಲ್ಲಮೂಲರನ್ನು ಕರೆಸಿದರು.

ಆಕೆ ಒಂದು ಕಾಲಕ್ಕೆ ಇವರ ಕೈಕೆಳಗೇ ಕೆಲಸ ಕಲಿತವರು.

"ಎರಡು ಮೂಲ ಇಲ್ಲದೆ ಸುದ್ದಿ ಮಾಡಬಾರದು ಅಂತ ಕಲಿಸಿದ್ದು ನೀವೇ ಸಾರ್. ಆ ಎರಡು ಯಾರು?"

"ಹೇಳೋ ಹಾಗಿಲ್ಲಮ್ಮ."

"ಆರು ಗಂಟೆಯೊಳಗೆ ನನಗೊಬ್ಬಳಿಗೆ ಹೇಳಿ. ಇಲ್ಲಾಂದ್ರೆ ಏಳಕ್ಕೆ ನೀವೇ ಕ್ಷಮೆ ಕೇಳ್ಬೇಕಾಗುತ್ತೆ. ಆಮೇಲೆ ಆ ಪತ್ರದ ವಿಷಯದಲ್ಲಿ ನನ್ನ ಕೈಲಿ ಏನೂ ಆಗಲ್ಲ."

ಬಲ್ಲಮೂಲರಿಗೆ ಭಯವಾಯಿತು. ಕ್ಷಮೆ ಕೇಳುವುದಕ್ಕಲ್ಲ, ಮನೆಯಲ್ಲಿ ಕೂರುವುದಕ್ಕೆ. ರಜೆಯ ದಿನವೂ ಸಂಜೆ ಏಳಾದರೆ ತಾನಾಗಿ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ ಅವರು. ಕೇಳುವವರಿಲ್ಲದ ಏಳು ಗಂಟೆಯ ಸಂಜೆಗಳು ಸಾಲಾಗಿ ಕಣ್ಣ ಮುಂದೆ ನಿಂತವು. ಹಿಂದಿನ ಬಾಗಿಲಿನಿಂದ ಹೊರಬಿದ್ದು ಆಟೋ ಹಿಡಿದರು.

ಡ್ರೈವರು ಮರದ ನೆರಳಲ್ಲಿ ಕಾರಿನ ಗಾಜು ಒರೆಸುತ್ತಿದ್ದ. ಇವರನ್ನು ಕಂಡದ್ದೇ ಬಟ್ಟೆ ಕೈಬಿಟ್ಟ.

"ನನಗೆ ಹೇಳಿದ್ದು ನನ್ನ ಹೆಂಡ್ತಿ ಸಾರ್. ನಾನೂ ಅಷ್ಟಾಗಿ ನಂಬಿರಲಿಲ್ಲ. ಬೆಳಗ್ಗೆ ನೀವೇ ಬಂದು ಕೇಳಿದ್ರಲ್ಲ, ಟಿವಿಯವರೇ ಕೇಳ್ತಿದ್ದಾರೆ ಅಂದ್ರೆ ನಿಜಾನೇ ಇರ್ಬೇಕು ಅಂತ ತಲೆ ಆಡಿಸ್ದೆ."

ಅವನ ಹೆಂಡತಿ ಬಂಗಲೆಯ ಒಳಗೆ ಕೆಲಸ ಮಾಡುವವಳಿರಬಹುದು ಎಂಬ ಆಸೆಯೂ ಉಳಿಯಲಿಲ್ಲ. ಆಕೆ ಸಂತೆಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬಲ್ಲಮೂಲರು ಅಲ್ಲಿಗೆ ಓಡಿದಾಗ ಗಂಟೆ ನಾಲ್ಕೂವರೆ. ಹಿಡಿದ ಹೊಲಿಗೆ ಮುಗಿಯುವವರೆಗೆ ಆಕೆ ತಲೆ ಎತ್ತಲಿಲ್ಲ. ಅವರು ಒಂಟಿಕಾಲಿನಲ್ಲಿ ನಿಂತು ಕಾದರು.

ಕಿಟಕಿ ಪರದೆ ಹೊಲಿಸಲು ಬಂದಿದ್ದ ಹೆಂಗಸೊಬ್ಬರು ಆ ಸುದ್ದಿ ಹೇಳಿದರಂತೆ. ಭಾರೀ ಗುಟ್ಟು ಎಂದೂ ಹೇಳಿದ್ದರಂತೆ. ಅದಕ್ಕೇ ತಾನು ಗಂಡನಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ ಎಂದು ಆಕೆ ಅಂದಾಗ, ಅಂಗಡಿಯ ಬೇರೆ ಮಿಷನ್ನುಗಳ ಮುಂದೆ ಕೂತಿದ್ದ ಮೂವರೂ ನಮಗೂ ಗುಟ್ಟು ಅಂತಲೇ ಹೇಳಿದ್ದು ಎಂದು ಒಕ್ಕೊರಲಿನಿಂದ ಸಾಕ್ಷಿ ನುಡಿದರು. ಗಿರಾಕಿಯ ಫೋನ್ ನಂಬರು ಬಿಲ್ ಪುಸ್ತಕದಲ್ಲಿತ್ತು. ಬಲ್ಲಮೂಲರು ಅದನ್ನು ಒತ್ತತೊಡಗಿದರು. ಐದನೇ ಅಂಕಿ ಒತ್ತುವಷ್ಟರಲ್ಲಿ ಫೋನು ತಾನಾಗಿಯೇ ಹೆಸರು ತೋರಿಸಿತು: 'ಬಾಮೈದನ ಮನೆ'.

ಎತ್ತಿದವಳು ಬಾಮೈದನ ಹೆಂಡತಿ.

"ನನಗ್ಯಾರು ಹೇಳ್ತಾರೆ ಅಣ್ಣ? ಅತ್ತಿಗೆನೇ ಹೇಳಿದ್ದು. ಗುರುವಾರ ನಮ್ಮ ಮನೆ ಸಾಮಾನು ಸಾಗಿಸೋಕೆ ನೀವು ಬರೋಕಾಗಲ್ಲ, ಅವತ್ತು ಸಾರಿಗೆ ಮಂತ್ರಿ ರಾಜೀನಾಮೆ ಇದೆ ಅಂತ. ನೀವೇ ಅತ್ತಿಗೆಗೆ ಹೇಳಿದ್ರಂತಲ್ಲ?"

ಬಲ್ಲಮೂಲರು ಅಲ್ಲಿದ್ದ ಬಟ್ಟೆಗಂಟಿನ ಮೇಲೆ ಕುಸಿದು ಕೂತರು. ಸೋಮವಾರ ಊಟಕ್ಕೆ ಕೂತಾಗ ಹೆಂಡತಿ, ಗುರುವಾರ ನನ್ನ ತಮ್ಮ ಮನೆ ಬದಲಾಯಿಸುತ್ತಿದ್ದಾನೆ, ಮೂರನೇ ಮಹಡಿ, ಲಿಫ್ಟಿಲ್ಲ, ನೀವೂ ಕೈಜೋಡಿಸಬೇಕು ಎಂದಿದ್ದಳು. ಬಾಮೈದನ ಕಬ್ಬಿಣದ ಬೀರು ಕಣ್ಮುಂದೆ ಬಂದು ಇವರ ಸೊಂಟ ಆಗಲೇ ಹಿಡಿದುಕೊಂಡಿತ್ತು. ಬಾಯಿಗೆ ಬಂದ ಸುಳ್ಳೊಂದನ್ನು ಒಗೆದಿದ್ದರು. ತಲೆಯಲ್ಲಿ ಸಾಮಾನು ಸಾಗಿಸುವುದೇ ತುಂಬಿದ್ದರಿಂದಲೋ ಏನೋ, ಅಷ್ಟು ಮಂತ್ರಿಗಳ ನಡುವೆ ಸಾರಿಗೆಯವರೇ ನಾಲಿಗೆಗೆ ಸಿಕ್ಕಿದ್ದರು. ಯಾರಿಗೂ ಹೇಳಬೇಡ ಎಂದೂ ಸೇರಿಸಿದ್ದರು. ಅಷ್ಟು ಸಾಕಾಯಿತು. ತಾವು ಸೋಮವಾರ ಹೇಳಿ ಮರೆತ ಸುಳ್ಳನ್ನು ಗುರುವಾರ ತಾವೇ ಸುದ್ದಿಯೆಂದು ಓದಿದ್ದರು.

ಆರಕ್ಕೆ ಹತ್ತು ನಿಮಿಷವಿರುವಾಗ ಅವರು ಸಂಪಾದಕಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹಾದಿಯುದ್ದಕ್ಕೂ ಮೂರು ಬೇರೆ ಸುಳ್ಳು ಯೋಚಿಸಿದ್ದರು, ಆದರೆ ಸುಳ್ಳಿನ ಮೇಲೆ ಅವರಿಗೇ ಹೇಸಿಗೆ ಹುಟ್ಟಿತ್ತು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಇಸ್ತ್ರಿಯವನು, ಡ್ರೈವರು, ಕಿಟಕಿ ಪರದೆ, ಬೀರು, ಒಂದನ್ನೂ ಬಿಡಲಿಲ್ಲ.

ಸಂಪಾದಕಿ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಚಪ್ಪಾಳೆ ಕೇಳಿಸಿತು. ಕ್ರೀಡಾ ವಿಭಾಗದವನು ಬಾಗಿಲು ತಳ್ಳಿಕೊಂಡು ಬಂದ.

"ಸಾರ್, ಕೊಟ್ಟೇಬಿಟ್ರು. ರಾಜೀನಾಮೆ."

ಆಗಿದ್ದಿಷ್ಟು. ಬೆಳಗಿನಿಂದ ಎಲ್ಲ ಚಾನೆಲ್ಲುಗಳಲ್ಲೂ ಅದೇ ಸುದ್ದಿ ನೋಡಿದ ಮುಖ್ಯಮಂತ್ರಿಗಳು, ನನಗೆ ಹೇಳದೆ ಟಿವಿಯವರಿಗೆ ಹೇಳಿದ್ದಾನೆ ಎಂದು ಸಾರಿಗೆ ಮಂತ್ರಿಗಳ ಮೇಲೆ ಸಿಟ್ಟಾದರು. ನನ್ನನ್ನು ಕಿತ್ತುಹಾಕಲು ಮುಖ್ಯಮಂತ್ರಿಯೇ ಸುದ್ದಿ ಹಬ್ಬಿಸಿದ್ದು ಎಂದು ಸಾರಿಗೆ ಮಂತ್ರಿಗಳು ಕುದಿದರು. ಮುಖ್ಯಮಂತ್ರಿ ಕೇಳುವ ಮೊದಲೇ ಇವರು ರಾಜೀನಾಮೆ ಪತ್ರ ಬರೆದು ಎಸೆದಿದ್ದರು.

ಬಲ್ಲಮೂಲರಿಗೆ ನಂಬಿಕೆಯೇ ಬರಲಿಲ್ಲ. ಮೇಕಪ್ಪಿನವನು ಕೈ ಕುಲುಕಿದ. ಯಾರೋ ಸಿಹಿ ತಂದರು. ಸಂಪಾದಕಿ ಕಣ್ಣಲ್ಲೇ ನಕ್ಕು, ನೀವು ಹೇಳಿದ್ದು ನನಗೆ ಕೇಳಿಸಲೇ ಇಲ್ಲ ಸಾರ್ ಎಂದರು. ಪತ್ರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಬೆಳಗಿನಿಂದ ಮೊದಲ ಬಾರಿಗೆ ಬಲ್ಲಮೂಲರು ಸರಿಯಾಗಿ ಉಸಿರಾಡಿದರು.

ಆಗಲೇ ಮಾಲೀಕರ ಫೋನು ಬಂತು. ಸಂಪಾದಕಿ ಹೂಂ, ಹೂಂ ಎನ್ನುತ್ತಾ ಹೋದರು. ಎರಡನೇ ಹೂಂಗೆ ನಗು ಹೋಯಿತು, ನಾಲ್ಕನೆಯದಕ್ಕೆ ಪೆನ್ನಿನ ಮುಚ್ಚಳ ಮತ್ತೆ ಪೆನ್ನಿಗೆ ಬಿತ್ತು.

"ಸಾರ್, ಹೇಗೆ ಹೇಳ್ಲಿ? ನಿಮ್ಮ ಸುದ್ದಿ ನೋಡಿ ಮಾಲೀಕರಿಗೆ ತುಂಬಾ ಖುಷಿಯಾಗಿದೆ. ಆದ್ರೆ ಸಾರಿಗೆ ಮಂತ್ರಿಗಳಿಗೆ ಈಗ ಕೆಲಸ ಇಲ್ಲವಲ್ಲ. ನಮ್ಮ ರಾಜಕೀಯ ವಿಶ್ಲೇಷಕರಾಗಿ ಅವರನ್ನೇ ತಗೊಂಡಿದ್ದಾರಂತೆ, ಇವತ್ತಿಂದಲೇ. ಕುರ್ಚಿ ಇರೋದು ಒಂದೇ."

ಏಳಕ್ಕೆ ಐದು ನಿಮಿಷವಿರುವಾಗ ಮಾಜಿ ಮಂತ್ರಿಗಳು ಬಲ್ಲಮೂಲರ ಕುರ್ಚಿಯಲ್ಲಿ ಕೂತಿದ್ದರು. ಮೇಕಪ್ಪಿನವನು ಅವರ ಕೆನ್ನೆಗೆ ಪೌಡರು ಹಚ್ಚುತ್ತಿದ್ದ. ಹೊಸಬರಿಗೆ ನಾಲ್ಕು ಮಾತು ಹೇಳಿಕೊಡಿ ಎಂದು ಬಲ್ಲಮೂಲರನ್ನು ಪಕ್ಕದಲ್ಲಿ ನಿಲ್ಲಿಸಿದ್ದರು.

"ಮೂವತ್ತು ವರ್ಷ ಈ ಕೆಲಸ ಹೇಗ್ರೀ ಮಾಡಿದ್ರಿ?" ಎಂದು ಮಾಜಿ ಮಂತ್ರಿಗಳು ಕೇಳಿದರು. ಅವರ ದನಿಯಲ್ಲಿ ನಿಜವಾದ ಅಳುಕಿತ್ತು.

ಬಲ್ಲಮೂಲರು ಗಂಟಲು ಸರಿಮಾಡಿಕೊಂಡರು.

"ಯಾರೋ ಹೇಳಿದ್ದನ್ನ ಕೇಳಿ ಇನ್ಯಾರಿಗೋ ಹೇಳೋದು ಸಾರ್."

"ಅಷ್ಟೇನಾ?" ಮಾಜಿ ಮಂತ್ರಿಗಳು ಹಾಯಾಗಿ ಕುರ್ಚಿಯ ಬೆನ್ನಿಗೆ ಒರಗಿದರು. "ಹಾಗಾದ್ರೆ ನೀವಿನ್ನು ಮನೆಗೆ ಹೊರಡಿ. ಇದನ್ನ ನಾನು ಮಾಡ್ತೀನಿ."