ಉಬ್ಬಸ ಹಿಡಿದ ಕೋಕೋ ಯಂತ್ರ

ಹೆಂಡತಿ ಮನೆಯಲ್ಲೇ ಚಾಕೊಲೇಟು ಮಾಡಿ ಮಾರುವವಳು, ಗಂಡನಿಗೆ ಸಕ್ಕರೆ ಕಾಯಿಲೆ. ಇಂಥ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು?

ಗಡಿಯಾರ ರಿಪೇರಿ ಮಾಡುವ ಯಜಮಾನರು ತಮ್ಮ ಬುದ್ಧಿಯನ್ನೆಲ್ಲ ಸುರಿದು ಹೆಂಡತಿಗೊಂದು ಯಂತ್ರ ಕಟ್ಟಿಕೊಟ್ಟಿದ್ದರು. ಹುರಿದು ಒಡೆದ ಕೋಕೋ ಬೀಜವನ್ನು ನೆಟ್ಟಗೆ ನಿಂತ ಪೈಪಿನೊಳಗೆ ಸುರಿದರೆ, ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಗುರವಾದ ಸಿಪ್ಪೆಯನ್ನು ಎಳೆದು ಬಕೆಟ್ಟಿಗೆ ಹಾಕಬೇಕು. ಭಾರವಾದ ನುಚ್ಚು ಕೆಳಗಿನ ಪಾತ್ರೆಗೆ ಬೀಳಬೇಕು. ಮೊದಮೊದಲು ಹಾಗೇ ಆಗುತ್ತಿತ್ತು. ಆಮೇಲೆ ಯಂತ್ರಕ್ಕೆ ಉಬ್ಬಸ ಹಿಡಿಯಿತು. ಸಿಪ್ಪೆ, ನುಚ್ಚು ಎರಡೂ ಕೈ ಕೈ ಹಿಡಿದು ಕೆಳಗಿಳಿದವು. ಯಜಮಾನರು ಪೈಪನ್ನು ಉದ್ದ ಮಾಡಿದರು, ಬಾಯಿ ಕಿರಿದು ಮಾಡಿದರು, ಸಂದುಸಂದಿಗೂ ಟೇಪು ಸುತ್ತಿದರು. (ಕೈಕಾಲು ಮುರಿದವರಿಗೂ ಅಷ್ಟು ಸುತ್ತುವುದಿಲ್ಲ.) ಉಬ್ಬಸ ಇಳಿಯಲಿಲ್ಲ.

ಅದೇ ಹೊತ್ತಿಗೆ, ಚಿನ್ನದ ಬಣ್ಣದ ಕಾಗದ ಸುತ್ತಿಟ್ಟ ಚಾಕೊಲೇಟುಗಳು ಡಬ್ಬಿಯಿಂದ ಮಾಯವಾಗತೊಡಗಿದವು.

"ನಿಮ್ಮಪ್ಪನ್ನ ಕೇಳು," ಎಂದಿದ್ದರು ಯಜಮಾನರು, ಪತ್ರಿಕೆಯಿಂದ ತಲೆಯೆತ್ತದೆ. "ವಯಸ್ಸಾದ್ಮೇಲೆ ಎಲ್ಲರೂ ಮಕ್ಕಳೇ."

ಅಂದಿನಿಂದ ಹೆಂಡತಿ ಡಬ್ಬಿಗೆ ಬೀಗ ಹಾಕಿದಳು, ಅಪ್ಪನೊಡನೆ ಮಾತು ಕಡಿಮೆ ಮಾಡಿದಳು. ಮಗಳ ಮನೆಯಲ್ಲೇ ಇದ್ದ ಮಾವ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಕದ್ದು ತಿನ್ನುತ್ತಿದ್ದವರು ಯಜಮಾನರೇ. ಕದ್ದು ತಿಂದ ಮೇಲೆ ಕಾಗದವನ್ನು ಉಂಡೆ ಮಾಡಿ ಕ್ಲೀನರಿನ ಕೊಳವೆಗೆ ಹಿಡಿದರೆ ಸೊರ್ ಎಂದು ಒಳಗೆ ಹೋಗುತ್ತದೆ. ಸಾಕ್ಷ್ಯನಾಶಕ್ಕೆ ಇದಕ್ಕಿಂತ ಮಿಗಿಲಾದ ಸಾಧನ ಮೂರು ಲೋಕದಲ್ಲೂ ಇಲ್ಲವೆಂದು ಅವರ ನಂಬಿಕೆ.

ಇವತ್ತು ದೊಡ್ಡ ಬೇಕರಿಯೊಂದರ ಒಡತಿ, ಆರ್ಡರ್ ಕೊಡುವ ಮೊದಲು ಕೆಲಸ ನೋಡಲೆಂದು ಬಂದು ಯಂತ್ರದ ಮುಂದೆ ಕೂತಿದ್ದಳು.

"ಗಿರಾಕಿ ಹಲ್ಲಿಗೆ ಒಂದು ಸಿಪ್ಪೆ ಸಿಕ್ಕಿದ್ರೂ ನಮ್ಮ ಹೆಸರು ಹೋಯ್ತು," ಎಂದಳು. "ನುಚ್ಚು ನೋಡಿಯೇ ನಾನು ಆರ್ಡರ್ ಕೊಡೋದು."

ಯಂತ್ರ ಗೊರಗುಟ್ಟಿತು. ಪಾತ್ರೆ ತುಂಬ ಸಿಪ್ಪೆ.

"ರೀ, ಏನಾದ್ರೂ ಮಾಡಿ," ಹೆಂಡತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಈ ಆರ್ಡರ್ ಹೋದ್ರೆ ಚಾಕೊಲೇಟು ಮಾಡೋದನ್ನೇ ಬಿಟ್ಟುಬಿಡ್ತೀನಿ."

ಯಜಮಾನರು ಬೀಗ ಹಾಕಿದ ಡಬ್ಬಿಯತ್ತ ನೋಡಿದರು. ಅವರ ಚಿಂತೆಯೇ ಬೇರೆ: ಮನೆಯಲ್ಲಿ ಚಾಕೊಲೇಟೇ ಇಲ್ಲದಿದ್ದರೆ ಕದ್ದು ತಿನ್ನುವುದೇನನ್ನು?

"ಕೊಳವೇಲಿ ಏನೋ ಸಿಕ್ಕೊಂಡಿದೆ," ಎಂದಳು ಬೇಕರಿಯಾಕೆ. "ಅದನ್ನ ಕ್ಲೀನರಿನ ಗಾಳಿ ಹೊರಗೆ ಬರೋ ಕಡೆ ಸಿಕ್ಕಿಸಿ ಊದಿಸಿ. ಬಂದುಬಿಡತ್ತೆ."

ಉಬ್ಬಸದ ಮೂಲ ಯಜಮಾನರಿಗೆ ಆಗ ಹೊಳೆಯಿತು. ಕೊಳವೆಗೆ ಅಡ್ಡ ಬಂದರು.

"ಬೇಡ. ವಾಯುಚಲನೆಯ ಸಮತೋಲನ ತಪ್ಪುತ್ತೆ."

"ಈಗೇನು ನೆಟ್ಟಗಿದೆಯಾ?" ಎಂದಳು ಹೆಂಡತಿ, ಯಂತ್ರ ಆರಿಸಿ.

"ಮೋಟಾರು ಸುಟ್ಟುಹೋಗುತ್ತೆ ಕಣೇ."

"ಸುಟ್ರೆ ರಿಪೇರಿ ಮಾಡೋರು ಮನೇಲೇ ಇದ್ದೀರಲ್ಲ."

ಕೊಳವೆ ಕಿತ್ತು ಆ ಕಡೆ ಸಿಕ್ಕಿಸಿಯೇಬಿಟ್ಟಳು. ಯಜಮಾನರು ಪ್ಲಗ್ ಕೀಳಲು ಧಾವಿಸಿದರು. ಆದರೆ ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ, ಆ ಯಂತ್ರವನ್ನು ಎಂದೂ ಮುಟ್ಟದವರು, ನಿಧಾನವಾಗಿ ಕೈ ಚಾಚಿ ಸ್ವಿಚ್ಚೊತ್ತಿದರು.

ಕೊಳವೆ ಕೆಮ್ಮಿತು. ಮೊದಲು ಧೂಳು. ಆಮೇಲೆ ಒಂದು ಚಿನ್ನದ ಉಂಡೆ ಹಾರಿ ಬೇಕರಿಯಾಕೆಯ ಮಡಿಲಿಗೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು. ಕೊನೆಗೆ ಅಡುಗೆಮನೆಯಲ್ಲೆಲ್ಲ ಚಿನ್ನದ ಮಳೆ.

ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿ, ಕೊಳವೆಯನ್ನು ಮೊದಲಿನ ಜಾಗಕ್ಕೆ ಸಿಕ್ಕಿಸಿ, ಬೀಜ ಸುರಿದಳು. ಸಿಪ್ಪೆ ಮೇಲಕ್ಕೆ ಹಾರಿತು, ನುಚ್ಚು ಹೊಳೆಯುತ್ತ ಕೆಳಗೆ ಬಿತ್ತು. ಬೇಕರಿಯಾಕೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತಲೆದೂಗಿದಳು.

"ಆರ್ಡರ್ ನಿಮಗೇ. ಯಂತ್ರ ಚೆನ್ನಾಗಿದೆ. ಮಾಡಿದವರನ್ನ ಸ್ವಲ್ಪ ದೂರ ಇಡಿ."

ಆಕೆ ಹೋದ ಮೇಲೆ ಹೆಂಡತಿ ಬೀಗ ತೆಗೆದು ಡಬ್ಬಿಯನ್ನು ಅಪ್ಪನ ಮುಂದೆ ಹಿಡಿದಳು. "ತಪ್ಪಾಯ್ತು ಅಪ್ಪ. ತಗೋ." ಯಜಮಾನರ ಮುಂದೆ ಒಂದು ಲೋಟ ಕುಕ್ಕಿದಳು. "ಸಿಪ್ಪೆ ಕುದಿಸಿದ ನೀರು. ಸಕ್ಕರೆ ಇಲ್ಲ. ಡಾಕ್ಟರು ಬೇಡ ಅನ್ನಲ್ಲ."

ಮಾವ ಚಾಕೊಲೇಟನ್ನು ಕಣ್ಣು ಮುಚ್ಚಿ ಚಪ್ಪರಿಸಿದರು. ಆಮೇಲೆ ಕಾಗದವನ್ನು ಉಂಡೆ ಮಾಡಿ ಅಳಿಯನ ಅಂಗೈಯಲ್ಲಿಟ್ಟರು.

"ಇದನ್ನ ಎಲ್ಲಿ ಹಾಕ್ಬೇಕು ಅಂತ ನಿಮಗೇ ಚೆನ್ನಾಗಿ ಗೊತ್ತಲ್ಲ, ಅಳಿಯಂದಿರೇ."