ಗುದ್ದಾಟಕ್ಕೊಂದು ಒಂಬತ್ತನೆಯ ಪಂಗಡ

ಯಾವುದಾದರೂ ವಿಷಯದ ಬಗ್ಗೆ ಗಟ್ಟಿ ಅಭಿಪ್ರಾಯ ಇಟ್ಟುಕೊಳ್ಳಬೇಕಾದರೆ ಆ ವಿಷಯದಿಂದ ತುಸು ದೂರದಲ್ಲಿರುವುದು ಒಳ್ಳೆಯದು. ಬಾಕ್ಸಿಂಗಿನ ಬಗ್ಗೆ ನಾನು ಬಹಳ ವರ್ಷ ಹಾಗೆ ದೂರದಲ್ಲಿದ್ದೆ. ಪುಣೆಯ ಕಾಲೇಜಿನಲ್ಲಿದ್ದಾಗ ಕೆಲವು ತಿಂಗಳು ಅದನ್ನು ಕಲಿತೆ. ಕಲಿತೆ ಎಂದು ನನ್ನ ಡೈರಿ ಹೇಳುತ್ತದೆ. ನೆನಪು ಮಾತ್ರ ನಾನು ಬೆಂಚಿನ ಮೇಲೆ ಕುಳಿತು ಬೇರೆಯವರ ಟವೆಲ್ ಹಿಡಿದುಕೊಂಡಿದ್ದನ್ನೇ ತೋರಿಸುತ್ತದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಎರಡರ ಯಜಮಾನನೂ ನಾನೇ ಆದ್ದರಿಂದ ವಿಚಾರಣೆ ನಡೆಸಲು ಹೋಗಿಲ್ಲ.

ಗೋಕಾಕಕ್ಕೆ ಬಂದು ಸಾಲಿ ಮಾಸ್ತರನಾದ ಮೇಲೆ ಸಂಜೆ ಕ್ಲಬ್ಬಿನಲ್ಲಿ ಚಹದ ಜೊತೆಗೆ ನಾನು ಹಂಚುತ್ತಿದ್ದ ಅಭಿಪ್ರಾಯ ಇದು: ಬಾಕ್ಸಿಂಗಿನಲ್ಲಿ ತೂಕದ ಪಂಗಡಗಳು ವಿಪರೀತವಾದವು. ನೊಣದಷ್ಟು ಹಗುರಾದವನಿಂದ ಹಿಡಿದು ಎಲ್ಲರಿಗಿಂತ ಭಾರವಾದವನವರೆಗೆ ಎಂಟು ಪಂಗಡ, ಎಂಟು ಜನ ಜಗಜಟ್ಟಿಗಳು! ನಮ್ಮ ಕುಸ್ತಿಯ ಕಣದಲ್ಲಿ ತಕ್ಕಡಿ ಎಲ್ಲಿದೆ? ಹಿರಿಯರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಹೆಗಲು ತೊಡೆ ನೋಡಿ, ಜೋಡಿ ಆಯಿತು ಎನ್ನುತ್ತಾರೆ. ಮುಗಿಯಿತು. ಮನುಷ್ಯನನ್ನು ಬೆಲ್ಲದ ಹಾಗೆ ತೂಗುವುದು ಮನುಷ್ಯನಿಗೇ ಅಪಮಾನ. ಕೊನೆಯ ವಾಕ್ಯಕ್ಕೆ ಯಾವಾಗಲೂ ಚಪ್ಪಾಳೆ ಬೀಳುತ್ತಿತ್ತು, ಅಥವಾ ಬೀಳುತ್ತಿತ್ತು ಎಂದು ನನಗೆ ನೆನಪು.

ಚಪ್ಪಾಳೆಯ ಫಲ ಚಳಿಗಾಲದಲ್ಲಿ ಕೈಗೆ ಬಂತು. ಹುಕ್ಕೇರಿಯ ಕ್ಲಬ್ಬಿನವರೊಡನೆ ನಡೆಯುವ ಆಟಗಳಲ್ಲಿ ಈ ಸಲ ಬಾಕ್ಸಿಂಗೂ ಇರಲಿ, ನಮ್ಮ ಕಡೆಯಿಂದ ಮಾಸ್ತರರು ನಿಲ್ಲಲಿ ಎಂದು ಗೆಳೆಯರು ತೀರ್ಮಾನಿಸಿದರು. ಬೆಳಗಾವಿಯಿಂದ ಗ್ಲೌಸುಗಳೂ ಬಂದವು. ಎದುರಾಳಿ ನಿಜಗುಣಪ್ಪ, ಹುಕ್ಕೇರಿಯ ವಕೀಲ. ಅವರನ್ನು ನಾನೊಮ್ಮೆ ಮೋಟಾರಿನಲ್ಲಿ ಕಂಡಿದ್ದೆ. ಇಬ್ಬರು ಕೂಡುವ ಬಾಕಿನ ಮೇಲೆ ಅವರೊಬ್ಬರೇ ಕುಳಿತಿದ್ದರು; ಖಾಲಿ ಜಾಗ ಇದ್ದಂತೆ ನೆನಪಿಲ್ಲ.

ಮನೆಯಲ್ಲಿ ವಿಷಯ ತಿಳಿಸಿದಾಗ ನನ್ನ ಹೆಂಡತಿ ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆ ಎಂಟು ಪಂಗಡದಾಗ ನೀವು ಎಲ್ಲಿ ಬರ್ತೀರಿ?"

"ನನಗ ಪಂಗಡದ ಮ್ಯಾಲ ನಂಬಿಕಿ ಇಲ್ಲ."

"ನಂಬಿಕಿ ಈಗ ಇಟ್ಕೋರಿ. ಆ ವಕೀಲರ ಕೈ ಬಿದ್ದ ಮ್ಯಾಲ ಇಟ್ಕೊಳ್ಳಾಕ ಮೂಗ ಇರೂದಿಲ್ಲ."

ಮೂಗಿನ ಚಿಂತೆ ಒಂದು ಕಡೆ. ಹಿಂದೆ ಸರಿದರೆ ಕ್ಲಬ್ಬಿನಲ್ಲಿ ಇನ್ನು ಯಾವ ಅಭಿಪ್ರಾಯವನ್ನೂ ಹೇಳುವಂತಿಲ್ಲ ಎಂಬ ಚಿಂತೆ ಇನ್ನೊಂದು ಕಡೆ. ಅಭಿಪ್ರಾಯಗಳಿಲ್ಲದೆ ಬರಿಯ ಚಹಕ್ಕಾಗಿ ಕ್ಲಬ್ಬಿಗೆ ಹೋಗುವವನು ನಾನಲ್ಲ. ಮರ್ಯಾದೆಯಿಂದ ಪಾರಾಗುವ ದಾರಿ ಒಂದೇ ಇತ್ತು: ನಾನು ಇಷ್ಟು ದಿನ ಬೈದ ಪಂಗಡಗಳ ಕಾಲಿಗೇ ಬೀಳುವುದು. ತೂಕದಲ್ಲಿ ಅಂತರ ಬಂದರೆ, ನಿಯಮ ಬಿಡುವುದಿಲ್ಲ, ನನ್ನದೇನೂ ಅಡ್ಡಿಯಿರಲಿಲ್ಲ ಎಂದು ನಿಟ್ಟುಸಿರು ಬಿಡಬಹುದಲ್ಲ?

ಗೋಕಾಕದಲ್ಲಿ ತೂಗಿಸಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆಂದು ಮೂಡಲಗಿಗೆ ಹೋದೆ. ಅಲ್ಲಿ ನನ್ನ ಗೆಳೆಯ ಬಸಲಿಂಗಪ್ಪನದು ಬೆಲ್ಲದ ಅಡತಿ ಅಂಗಡಿ. ದೊಡ್ಡ ತಕ್ಕಡಿಯ ಒಂದು ಪರಡಿಯಲ್ಲಿ ನನ್ನನ್ನು ಕೂರಿಸಿ, ಇನ್ನೊಂದರಲ್ಲಿ ತಾನೇ ಕಲ್ಲುಗಳನ್ನಿಟ್ಟು ಲೆಕ್ಕ ಕೂಗಿದ. ಕೂಗಿದವನು ಅಷ್ಟಕ್ಕೆ ಬಿಡದೆ, ನನ್ನ ಕೋಟು ಧೋತರ ನೋಡಿ, "ಚೀಲದ್ದು ಇಷ್ಟು ಕಳಿ," ಎಂದ. ಬೆವೆತಿದ್ದ ನನ್ನ ಹಣೆ ನೋಡಿ, "ಮಾಲು ಹಸಿ ಐತಿ, ಅದಕ್ಕಷ್ಟು ಕಳಿ," ಎಂದ.

"ಏ ಬಸಲಿಂಗ, ನಾ ಬೆಲ್ಲ ಅಲ್ಲೋ."

"ತಕ್ಕಡ್ಯಾಗ ಕುಂತ ಮ್ಯಾಲ ಅಂಗಡಿ ಪದ್ಧತಿ ಬಿಡಾಕ ಬರೂದಿಲ್ಲಪಾ. ಬ್ಯಾಡಂದ್ರ ತಿರುಗಿ ಕೂಡಿಸ್ತೇನಿ."

ಬೇಡವೆನ್ನಲು ನನಗೇನು ಹುಚ್ಚೆ? ಅಂಗಡಿಯ ಪದ್ಧತಿ ನನ್ನನ್ನು ಕುಳಿತಲ್ಲೇ ಒಂದು ಪಂಗಡ ಕೆಳಗಿಳಿಸಿತ್ತು. ವ್ಯಾಪಾರದ ಆ ಕಳೆಯುವ ಪದ್ಧತಿಯಿಂದ ರೈತರಿಗೆ ಅನ್ಯಾಯವೆಂದು ಹಿಂದೆ ಭಾಷಣ ಮಾಡಿದ್ದೆ. ಬರುವಾಗ ಅದರ ಬಗ್ಗೆಯೂ ಮತ್ತೊಮ್ಮೆ ಯೋಚಿಸಬೇಕೆನಿಸಿತು.

ಆಟದ ದಿನ ಸಾಲಿಯ ಬಯಲಿನಲ್ಲಿ ಜನ ಸೇರಿದ್ದರು. ಬಸಲಿಂಗಪ್ಪನೂ ಬಂದು ಮುಂದೆಯೇ ಕುಳಿತಿದ್ದ. ನಾನು ಗಂಟಲು ಸರಿಪಡಿಸಿಕೊಂಡು ನನ್ನ ತೂಕ ಹೇಳಿ, "ವಕೀಲರ ಪಂಗಡ ಬ್ಯಾರೆ ಆಗ್ತೈತಿ. ನಾ ತಯಾರ ಇದ್ದೆ, ಏನ ಮಾಡೂದ್ರಿ," ಎಂದೆ. ನಿಜಗುಣಪ್ಪ ಎದ್ದು ನಿಂತರು. ಅವರ ಕೋಟು ಎದ್ದ ಮೇಲೆಯೂ ಸ್ವಲ್ಪ ಹೊತ್ತು ಅವರು ಏಳುತ್ತಲೇ ಇದ್ದರೆಂದು ನನಗೆ ನೆನಪು. "ಮಾಸ್ತರ, ನಾನೂ ತೂಗಿಸೇನ್ರಿ. ಹಸೀದ್ದು, ಚೀಲದ್ದು ಎಲ್ಲಾ ಕಳದ್ರ ನಾನೂ ಭಾಳ ಹಗೂರ. ನಿಮ್ಮಂಥಾ ಪುಣೆದಾಗ ಕಲತವರ ಮುಂದ ನಾ ಹೆಂಗ ನಿಲ್ಲಲ್ರಿ?" ಎಂದರು.

ಹಸಿಯದು, ಚೀಲದ್ದು! ನಾನು ಬಸಲಿಂಗಪ್ಪನ ಕಡೆಗೆ ನೋಡಿದೆ. ಅವನು ಮುಚ್ಚುಮರೆಯಿಲ್ಲದೆ ಎದ್ದ.

"ಮೊದಲ ವಕೀಲರು ಬಂದ್ರು, ಎರಡ ದಿವಸಕ್ಕ ಮಾಸ್ತರ ಬಂದ್ರು. ತಕ್ಕಡಿ ಒಂದ, ಅಂಜಿಕಿ ಒಂದ. ಕಲ್ಲು ಹೆಚ್ಚು ಕಮ್ಮಿ ಇರಲಿ, ಅಂಜಿಕ್ಯಾಗ ಗುಲಗಂಜಿ ಫರಕ ಇಲ್ಲ. ಇದಕ್ಕಿಂತ ಬರೋಬ್ಬರಿ ಜೋಡಿ ಎಲ್ಲಿ ಸಿಗ್ತೈತ್ರಿ? ಹೊಡದಾಡ್ರಿ!"

ಜನ ನಕ್ಕ ಮೇಲೆ ಯಾರೂ ನಮ್ಮನ್ನು ಬಿಡಲಿಲ್ಲ. ಗ್ಲೌಸು ಹಾಕಿಕೊಂಡು ಒಬ್ಬರ ಸುತ್ತ ಒಬ್ಬರು ಸುತ್ತಿದೆವು. ಅವರ ಕೈ ಒಮ್ಮೆ ನನ್ನ ಕಿವಿಗೆ ಸೋಕಿತು. "ಹತ್ತಿತೇನ್ರಿ ಮಾಸ್ತರ?" ಎಂದು ಕೇಳಿದರು. "ಇಲ್ರಿ, ಆರಾಮ ಅದೇನಿ," ಎಂದೆ. ನಾನೂ ಅವರ ಹೊಟ್ಟೆಗೆ ಒಂದು ಕೊಟ್ಟೆನೆಂದು ನೆನಪಿದೆ. ಅದು ತಮಗೆ ತಿಳಿದೇ ಇಲ್ಲವೆಂದು ಅವರು ಹೇಳುತ್ತಾರೆ. ಸಮ ಎಂದು ಸಾರಿದರು. ಮೂಗು ಇದ್ದಲ್ಲೇ ಇತ್ತು. ಇಬ್ಬರೂ ನಮ್ಮ ಮನೆಗೆ ಬಂದು, ಗೌರವ್ವ ಬಡಿಸಿದ ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡೆವು. ಅಲ್ಲಿ ಮಾತ್ರ ವಕೀಲರು ಯಾವ ರಿಯಾಯಿತಿಯನ್ನೂ ಕೇಳಲಿಲ್ಲ.

ಈಗ ನನ್ನ ಅಭಿಪ್ರಾಯ ಬದಲಾಗಿದೆ. ಎಂಟು ಪಂಗಡ ಹೆಚ್ಚಲ್ಲ, ಒಂದು ಕಡಿಮೆಯೇ. ಹೊಡೆದಾಡಲು ಮನಸ್ಸಿಲ್ಲದವರಿಗಾಗಿ ಒಂಬತ್ತನೆಯದೊಂದು ಬೇಕು. ಅದರ ಜಗಜಟ್ಟಿ ನಾನೇ ಎಂದು ಕ್ಲಬ್ಬಿನಲ್ಲಿ ಹೇಳಿಕೊಂಡಿದ್ದೆ. ಆ ಪಟ್ಟ ತಮ್ಮದೆಂದು ನಿಜಗುಣಪ್ಪ ಹುಕ್ಕೇರಿಯಿಂದ ಹೇಳಿ ಕಳಿಸಿದ್ದಾರೆ. ಇಬ್ಬರಲ್ಲಿ ಯಾರೆಂದು ತೀರ್ಮಾನಿಸಲು ಕಣಕ್ಕಿಳಿಯಬೇಕೆಂದು ಕ್ಲಬ್ಬಿನ ಗೆಳೆಯರು ಹೇಳುತ್ತಾರೆ. ನಾನು ಒಲ್ಲೆ ಎಂದಿದ್ದೇನೆ. ಅವರೂ ಒಲ್ಲೆ ಎಂದಿದ್ದಾರೆ. ಆದರೆ ಮೊದಲು ಒಲ್ಲೆ ಎಂದವನು ನಾನೇ ಎಂದು ನನಗೆ ಚೆನ್ನಾಗಿ ನೆನಪಿದೆ.