ಅಪ್ಪನ ಪದ್ಯವನ್ನು ಸೀಡಿಗೆ ಇಳಿಸಿದ್ದು

ನಾನು ಪುಕ್ಕಲ. ಶಿಡ್ಲಘಟ್ಟದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಮನೆಗೆ ಗ್ಯಾಸ್ ಒಲೆ ಬಂದಾಗ ಕಡ್ಡಿ ಗೀರಿದವಳು ಅಮ್ಮ, ಬೀದಿಯಲ್ಲಿ ನಿಂತವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರಿಗೆ ಇದು ಶೋಭೆಯಲ್ಲ, ಒಪ್ಪಿದೆ. ಆದರೆ ಯಂತ್ರಗಳಿಗೆ ಹೆದರುವವನ ವಿಳಾಸ ಯಂತ್ರಗಳಿಗೆ ಹೇಗೋ ಗೊತ್ತಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಸೀಡಿ ಬರೆಯುವ ಯಂತ್ರವೊಂದು ನಮ್ಮ ಮನೆಗೆ ಬಂದದ್ದೂ ಹೀಗೆಯೇ.

ರಾಜನಿಗೂ ನಡುಕ

ಅಪ್ಪ ಊರ ನಾಟಕಗಳಲ್ಲಿ ರಾಜನ ಪಾರ್ಟು ಮಾಡುತ್ತಿದ್ದರು. ಮನೆಗೆ ಟೇಪ್ ರೆಕಾರ್ಡರ್ ತಂದ ದಿನ ಅಮ್ಮನಿಗೆ, "ಉಸಿರು ಬಿಟ್ರೂ ಕೇಳ್ಸುತ್ತೆ, ಬಾಯಿ ಮುಚ್ಕೊಂಡು ಕೂತ್ಕೊ" ಎಂದು ತಾಕೀತು ಮಾಡಿ ಒಂದು ತೆಲುಗು ಪದ್ಯ ಎತ್ತಿದರು. ಮುಗಿಸಿ, "ಹೆಂಗಿತ್ತೇ?" ಎಂದು ಕೇಳಿದರು. ಕ್ಯಾಸೆಟ್ಟಿನಲ್ಲಿ ಅದಕ್ಕೆ ಉತ್ತರವಿಲ್ಲ. ಸ್ವಲ್ಪ ಮೌನ, ಆಮೇಲೆ ಗುಂಡಿ ಒತ್ತಿದ ಟಕ್ ಸದ್ದು.

"ನಾನು ತಲೆ ಆಡಿಸ್ದೆ ಕಣೋ. ತಲೆ ಆಡಿಸಿದ್ದು ಕ್ಯಾಸೆಟ್ಟಿಗೆ ಹೆಂಗೆ ಗೊತ್ತಾಗ್ಬೇಕು?" ಎನ್ನುತ್ತಿದ್ದಳು ಅಮ್ಮ.

ಅಪ್ಪ ತೀರಿಕೊಂಡ ಮೇಲೆ ಉಳಿದದ್ದು ಆ ದನಿಯೊಂದೇ. ಅಮ್ಮ ಅದನ್ನು ಹಬ್ಬಕ್ಕೆ ಕೇಳುವಳು, ಬೇಜಾರಾದರೆ ಕೇಳುವಳು, ಅಕ್ಕಿ ಆರಿಸುತ್ತಾ ಕೇಳುವಳು. ಒಂದು ದಿನ ರೆಕಾರ್ಡರ್ ಟೇಪನ್ನು ಅಗಿದುಬಿಟ್ಟಿತು. ಅಪ್ಪ ಎರಡನೇ ಸಲ ಹೋದರೇನೋ ಅನ್ನಿಸಿತು. ನಡುಗುವ ಕೈಯಲ್ಲೇ ಟೇಪನ್ನು ಬಿಡಿಸಿ, ಪೆನ್ಸಿಲಿನಿಂದ ಸುತ್ತಿ ಮತ್ತೆ ಹಾಕಿದೆ. ನಡುವೆ ಒಂದು ಕಡೆ ರಾಜನ ದನಿಯೂ ನಡುಗಿತು.

ಅಮ್ಮ ನನ್ನನ್ನೇ ನೋಡಿದಳು. "ನಿಮ್ಮಪ್ಪ ಯಾರ್ಗೂ ಹೆದರ್ದೋರಲ್ಲ. ನಿನ್ ಕೈಗೆ ಸಿಕ್ಕಿದ್ದೇ ತಡ, ಅವ್ರಿಗೂ ಅಂಟಿಸ್ಬಿಟ್ಟೆ."

ನಿಧಾನದ್ದು ಕೊಡಿ

ಕ್ಯಾಸೆಟ್ಟು ಸಾಯುವುದರೊಳಗೆ ಸೀಡಿ ಮಾಡಿಬಿಡಬೇಕು ಎಂದು ನಿಶ್ಚಯಿಸಿದೆ. ಕಂಪ್ಯೂಟರ್ ಆಗಲೇ ಇತ್ತು. ಚಿಂತಾಮಣಿಯ ಭಾವ ಹೊಸದು ಕೊಂಡು ಹಳೆಯದನ್ನು ನನಗೆ ದಾಟಿಸಿದ್ದರು. ಅದರ ಜೊತೆಗೆ ಒಂದು ಪುಟ್ಟ ಮೈಕೂ ಬಂದಿತ್ತು. ಅದನ್ನು ಕಿತ್ತರೆ ಏನಾಗುತ್ತದೋ ಎಂದು ನಾನು ಮುಟ್ಟಿರಲಿಲ್ಲ.

ಇನ್ನು ಬರೆಯುವ ಯಂತ್ರ. ಚಿಕ್ಕಬಳ್ಳಾಪುರದ ಅಂಗಡಿಯವನು, "ಕಂಪ್ಯೂಟರ್ ಒಳಗೆ ಕೂರ್ಸೋದು ಬೇಕಾ, ಹೊರಗೆ ಇಡೋದಾ?" ಎಂದು ಕೇಳಿದ.

"ಹೊರಗೆ," ಎಂದೆ. ಏನಾದರೂ ಆದರೆ ಕಿತ್ತು ಬಿಸಾಡಿ ಓಡಬಹುದು.

"ಎಂಟರ ಸ್ಪೀಡಾ, ನಾಲ್ಕರದಾ?"

ವೇಗ ಎಂದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದೆ. "ಅದಕ್ಕಿಂತ ನಿಧಾನದ್ದು?"

"ಎರಡರದು ಹಳೇ ಸ್ಟಾಕಿದೆ."

"ಇನ್ನೂ ನಿಧಾನದ್ದು?"

ಅಂಗಡಿಯವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಸಾರ್, ಅದಕ್ಕಿಂತ ನಿಧಾನ ಬೇಕಂದ್ರೆ ಮೊಳೆ ತಗೊಂಡು ಸೀಡಿ ಮೇಲೆ ನೀವೇ ಕೊರೀಬೇಕು."

ಕೈ ಒಳಗೆ

ಯಂತ್ರದ ಡಬ್ಬ ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಸ್ಸು ಹತ್ತಿದೆ. ಕ್ಯಾಸೆಟ್ಟು ಜೇಬಿನಲ್ಲಿತ್ತು. ಮನೆಯಲ್ಲಿ ಬಿಟ್ಟರೆ ಇಲಿ ತಿಂದೀತೆಂದು ಅದನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದೆ. ದಾರಿಯಲ್ಲಿ ಮದುವೆಗೆ ಮೈಕ್ ಸೆಟ್ ಹಾಕುವವನೊಬ್ಬ ದೊಡ್ಡ ಸ್ಪೀಕರ್ ಹೊತ್ತು ಬಂದು ನನ್ನ ಪಕ್ಕದಲ್ಲೇ ಕೂತ. ಸ್ಪೀಕರಿನಲ್ಲಿ ಅಯಸ್ಕಾಂತವಿರುತ್ತದೆ, ಅಯಸ್ಕಾಂತ ಟೇಪನ್ನು ಅಳಿಸುತ್ತದೆ. ಇದನ್ನು ವರ್ಷ ವರ್ಷವೂ ಪಾಠ ಮಾಡುವವನು ನಾನೇ.

ಎದ್ದು ಹೋಗೋಣವೆಂದರೆ ನಿಲ್ಲಲೂ ಜಾಗವಿಲ್ಲ. 'ಕೈ ಹೊರಗೆ ಹಾಕಬೇಡಿ' ಎಂದು ಬರೆದಿದ್ದ ಕಿಟಕಿಯಾಚೆಗೇ ಕ್ಯಾಸೆಟ್ಟನ್ನು ಹಿಡಿದು ಕೂತೆ.

"ಏನ್ ಸಾರ್ ಅದು?" ಎಂದ ಪಕ್ಕದವನು.

"ನಮ್ಮಪ್ಪ," ಎಂದುಬಿಟ್ಟೆ ಗಾಬರಿಯಲ್ಲಿ.

ಅವನು ಕ್ಯಾಸೆಟ್ಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಸ್ಪೀಕರ್ ಎತ್ತಿಕೊಂಡು ತಾನೇ ಹಿಂದಿನ ಬಾಗಿಲ ಹತ್ತಿರ ಹೋದ. ನನಗೆ ಹೆದರಿದ ಮೊದಲ ಮನುಷ್ಯ ಅವನೇ.

ಏನೂ ಕೇಳದ ಸಾಫ್ಟ್‌ವೇರ್

ಗೌರಿಬಿದನೂರಿನ ಸ್ನೇಹಿತರೊಬ್ಬರು ಟೇಪಿನ ದನಿಯನ್ನು ಕಂಪ್ಯೂಟರಿಗೆ ತುಂಬುವ ಮೂರು ಸಾಫ್ಟ್‌ವೇರ್ ಕೊಟ್ಟು, "ಯಾವ್ದು ಒಗ್ಗುತ್ತೋ ಅದನ್ನಿಟ್ಕೊಳ್ಳಿ" ಎಂದರು. ಮೊದಲನೆಯದು ತೆರೆದ ಕೂಡಲೇ, ಇಲ್ಲಿಂದ ಮುಂದೆ ಹೋದರೆ ಹಿಂದಕ್ಕೆ ಬರಲಾಗದು, ಖಚಿತವೇ ಎಂದು ಕೇಳಿತು. ನನಗೆ ಜೀವನದಲ್ಲಿ ಯಾವುದೂ ಖಚಿತವಿಲ್ಲ. ಇಲ್ಲ ಎಂದು ಒತ್ತಿ ಮುಚ್ಚಿದೆ. ಎರಡನೆಯದು, ದನಿ ಯಾವ ದಾರಿಯಿಂದ ಬರಬೇಕು, ಎಷ್ಟು ಜೋರಾಗಿ ಬರಬೇಕು ಎಂದೆಲ್ಲ ವಿಚಾರಣೆ ಶುರುವಿಟ್ಟುಕೊಂಡಿತು. ಅದನ್ನೂ ಮುಚ್ಚಿದೆ.

ಮೂರನೆಯದರಲ್ಲಿ ಇದ್ದದ್ದು ಒಂದೇ ಒಂದು ಕೆಂಪು ಗುಂಡಿ. ಅದು ಏನೂ ಕೇಳಲಿಲ್ಲ. ನನಗೆ ಪ್ರಾಣ ಬಂದಂತಾಯಿತು.

"ಹೆಂಗೋ ಆರ್ಸ್ದೆ?" ಎಂದಳು ಅಮ್ಮ.

"ಪ್ರಶ್ನೆ ಕೇಳಲ್ಲ, ಒಳ್ಳೇದು."

"ಅದಕ್ಕೇ ನಿನ್ ಕ್ಲಾಸಲ್ಲಿ ದಡ್ಡರೇ ನಿಂಗಿಷ್ಟ."

ಹುಳದ ಮನೆ ಶಾಸ್ತ್ರ

ಅಮ್ಮನ ತವರು ಜಂಗಮಕೋಟೆ, ರೇಷ್ಮೆಹುಳ ಸಾಕಿದ ಮನೆ. ಸೀಡಿ ಬರೆಯುವಾಗ ನಡುವೆ ತಡೆದರೆ ಎಲ್ಲ ಹಾಳು ಎಂದು ನಾನು ಹೇಳಿದ್ದೇ, ಅವಳಿಗೆ ಚೆನ್ನಾಗಿ ಅರ್ಥವಾಯಿತು. "ಪೊರೆ ಕಳಚೋ ಮುಂಚೆ ಹುಳಕ್ಕೆ ಜ್ವರ ಬಂದು ಅಲ್ಲಾಡ್ದೆ ಮಲಗಿರುತ್ತಲ್ಲ, ಹಂಗೆ. ಯಾರೂ ಮುಟ್ಬಾರ್ದು." ಅಷ್ಟೇ, ಹುಳದ ಮನೆಯ ಶಾಸ್ತ್ರವೆಲ್ಲ ಜಾರಿಗೆ ಬಂತು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಹೊರಗಿನವರ ಕಣ್ಣು ಬೀಳುವಂತಿಲ್ಲ. ಪಕ್ಕದ ಮನೆಯ ಸಾಹೇಬರು ರೇಷ್ಮೆ ನೂಲು ಹುರಿ ಮಾಡುವ ಮೆಷೀನನ್ನೇ ನಿಲ್ಲಿಸಿ, "ಆರಾಮಾಗಿ ಮಾಡ್ಕೊಳ್ಳಿ ಅಮ್ಮಾ, ಆದ್ರೆ ಬೇಗ" ಎಂದರು.

ಅಂದು ಕರೆಂಟಿತ್ತು. ರೆಕಾರ್ಡರಿಗೂ ಕಂಪ್ಯೂಟರಿಗೂ ವೈರು ಸಿಕ್ಕಿಸಿದೆ. ಕ್ಯಾಸೆಟ್ಟು ಹಾಕಿ, ಕಣ್ಣು ಮುಚ್ಚಿ ಕೆಂಪು ಗುಂಡಿ ಒತ್ತಿದೆ. ಅಪ್ಪನ ದನಿ ಎದ್ದಿತು. ಅದು ಎಲ್ಲಿ ತುಂಡಾಗುತ್ತದೋ ಎಂದು ನಿಂತು ಕೇಳಲು ನನ್ನಿಂದಾಗಲಿಲ್ಲ. ಅಮ್ಮನನ್ನು ಕಾವಲಿಗೆ ಕೂರಿಸಿ ಬೀದಿಗೆ ಓಡಿದೆ.

ಸಾಹೇಬರು ಜಗಲಿಯಲ್ಲಿದ್ದರು. "ಏನು ಮೇಷ್ಟ್ರೇ, ಒಳಗೆ ಹೆರಿಗೆಯಾ?"

ಉತ್ತರ

ಒಳಗೆ ಬಂದಾಗ ಪದ್ಯ ಮುಗಿದಿತ್ತು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಲು ಗುಂಡಿ ಒತ್ತಿದೆ. ಕರ್ರ್ ಎಂದಿತು. ಈ ಸಲ ರೆಕಾರ್ಡರ್ ಟೇಪನ್ನು ಅಗಿಯಲಿಲ್ಲ, ಚೂರು ಚೂರು ಮಾಡಿ ನುಂಗಿತು. ಅಪ್ಪ ಇನ್ನು ಇದ್ದರೆ ಕಂಪ್ಯೂಟರಿನೊಳಗೆ ಮಾತ್ರ.

ದೇವರನ್ನು ನೆನೆದು ಅದನ್ನು ಸೀಡಿಗೆ ಬರೆಸಿ, ಹಾಕಿ ಕೇಳಿದೆವು. ದೂರದಲ್ಲೆಲ್ಲೋ ಅಪ್ಪ ಹಾಡುತ್ತಿದ್ದರು. ಅದರ ಮೇಲೆ ನಮ್ಮ ಫ್ಯಾನಿನ ಕಿರುಗುಟ್ಟು, ಸಾಹೇಬರ ಮನೆ ಹುಂಜ, ನಾನು ಬೀದಿಗೆ ಓಡಿದ ಚಪ್ಪಲಿ ಸದ್ದು. ಏನೂ ಕೇಳದ ಆ ಸಾಫ್ಟ್‌ವೇರ್, ವೈರನ್ನು ಬಿಟ್ಟು ಭಾವನ ಮೈಕಿನಿಂದ ಇಡೀ ಕೋಣೆಯನ್ನೇ ಹಿಡಿದಿತ್ತು. ನನಗೆ ಅಳುವೇ ಬಂತು. ಮತ್ತೆ ಮಾಡೋಣವೆಂದರೆ ಕ್ಯಾಸೆಟ್ಟೇ ಇಲ್ಲ.

ಪದ್ಯ ಮುಗಿಯಿತು. "ಹೆಂಗಿತ್ತೇ?" ಎಂದರು ಅಪ್ಪ.

ಆಗ, ಮೈಕಿನ ಹತ್ತಿರದಿಂದ, ಸ್ಪಷ್ಟವಾಗಿ ಅಮ್ಮನ ದನಿ: "ಚೆನ್ನಾಗಿತ್ತು ಕಣ್ರೀ. ಮೂರನೇ ಸಾಲಲ್ಲಿ ಉಸಿರು ಸಾಲ್ಲಿಲ್ಲ. ಸಿಗರೇಟು ಬೇಡ ಅಂತ ಬಡ್ಕೊಂಡೆ, ಕೇಳಿದ್ರಾ?"

ಟಕ್.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ, ಅದೂ ಬಂದ್ಬಿಡ್ತಾ?"

"ಹಾಳು ಮಾಡ್ಬಿಟ್ಟೆ ಅಮ್ಮಾ," ಎಂದೆ.

"ಹಾಳೆಲ್ಲಿ ಬಂತೋ? ಮೇಲಕ್ಕೆ ಹೋದ ತಕ್ಷಣ, ಅವತ್ತು ಕೇಳಿದ್ದಕ್ಕೆ ಯಾಕೆ ಉತ್ತರ ಕೊಡ್ಲಿಲ್ಲ ಅಂತ ಜಗಳ ತೆಗೀತಾರೆ ಅಂತ ಇಷ್ಟು ವರ್ಷ ಹೆದರ್ಕೊಂಡೇ ಇದ್ದೆ. ಇನ್ನು ಭಯ ಇಲ್ಲ. ನಾನು ಹೋಗುವಾಗ ಆ ಸೀಡಿ ನನ್ ಕೈಗೆ ಕೊಟ್ಬಿಡು. ಸಾಕ್ಷಿಗಿರ್ಲಿ."